ಹೊಸ ಹಲಗೆ



ರಾತ್ರಿ ಶಾಲೆಯ ಮೊದಲ ದಿನ ನೆನಪಿದೆಯೆ? ಕೈಗೆ ಹಲಗೆ ಕೊಟ್ಟರು. ಬಳಪ ಕೊಟ್ಟರು. ಕುಡುಗೋಲು ಹಿಡಿದ ಕೈ ಬಳಪ ಹಿಡಿಯುವಾಗ ನಡುಗಿತು. 'ಈ ವಯಸ್ಸಲ್ಲಿ ನಮಗ್ಯಾಕೆ ಇದು' ಅಂದೆವು. ಆದರೂ ಕಲಿತೆವು. ಈಗ ಬಸ್ಸಿನ ಬೋರ್ಡು ಓದುತ್ತೇವೆ. ಹೆಬ್ಬೆಟ್ಟು ಬಿಟ್ಟು ರುಜು ಹಾಕುತ್ತೇವೆ.

ಈಗ ಇನ್ನೊಂದು ಹಲಗೆ ಬಂದಿದೆ. ಇದಕ್ಕೆ ಬಳಪ ಬೇಡ. ಬೆರಳೇ ಬಳಪ. ಇದರ ಹೆಸರು ಟ್ಯಾಬ್ಲೆಟ್. ಜನ ಚಿಕ್ಕದಾಗಿ ಟ್ಯಾಬ್ ಅನ್ನುತ್ತಾರೆ. ಇದು ಫೋನಿಗಿಂತ ದೊಡ್ಡದು. ಮಡಿಲಲ್ಲಿ ಇಟ್ಟುಕೊಂಡು ಓದಬಹುದು, ಬರೆಯಬಹುದು, ನೋಡಬಹುದು.

ಟ್ಯಾಬ್ ಬಂದ ಕಥೆ

ನಮ್ಮ ಸಂಘದಲ್ಲಿ 14 ಜನ ಇದ್ದೇವೆ. ವಾರ ವಾರ ಉಳಿತಾಯ ಕಟ್ಟುತ್ತೇವೆ. ಲೆಕ್ಕ ಇಡಲು ಒಂದು ಟ್ಯಾಬ್ಲೆಟ್ ತರೋಣ ಎಂದು ಸಭೆಯಲ್ಲಿ ಮಾತು ಬಂತು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಕೇಳಿದರು:

"ಟ್ಯಾಬ್ಲೆಟ್ಟಾ? ಯಾರಿಗಮ್ಮಾ ಜ್ವರ?"

ಎಲ್ಲರೂ ನಕ್ಕೆವು. ಗುಳಿಗೆಗೂ ಅದೇ ಹೆಸರು, ಈ ಹಲಗೆಗೂ ಅದೇ ಹೆಸರು.

ಟ್ಯಾಬ್ ಬಂತು. ಪೂಜೆ ಮಾಡಿ ಟ್ರಂಕಿನಲ್ಲಿ ಇಟ್ಟೆವು. ಕಾರ್ಯದರ್ಶಿ ಅಕ್ಕನ ಮಗ ಬಂದು ತೆಗೆಯುತ್ತಿದ್ದ. ಅವನೇ ಓದುತ್ತಿದ್ದ. ಅವನೇ ಬರೆಯುತ್ತಿದ್ದ. ನಾವು ಮುಟ್ಟುತ್ತಿರಲಿಲ್ಲ. ಒತ್ತಿದರೆ ಕೆಟ್ಟುಹೋದ್ರೆ? ದುಡ್ಡು ಹೋದ್ರೆ?

ಒಂದು ದಿನ ಆ ಹುಡುಗ ಕೆಲಸಕ್ಕೆ ಬೆಂಗಳೂರಿಗೆ ಹೋದ. ಮೂರು ವಾರ ಲೆಕ್ಕ ನಿಂತಿತು. ಆಗ ಕಾರ್ಯದರ್ಶಿ ಅಕ್ಕ ಅಂದಳು:

"ಅಕ್ಷರ ಕಲಿತವರು ನಾವು. ಇನ್ನೊಬ್ಬರು ಓದಿ ಹೇಳ್ಲಿ ಅಂತ ಕಾಯೋದಾದ್ರೆ, ಕಲಿತಿದ್ದು ಯಾಕೆ?"

ಅವತ್ತೇ ಟ್ರಂಕು ತೆಗೆದೆವು. ನಮ್ಮ ರಾತ್ರಿ ಶಾಲೆಯ ಮೇಡಂ ಜೊತೆಗೆ ಕೂತರು. ನಾವು ಕಲಿತದ್ದನ್ನು ನಿಮಗೂ ಹೇಳುತ್ತೇವೆ. ಒಂದೊಂದು ಕಂಪನಿಯ ಟ್ಯಾಬಿನಲ್ಲಿ ಗುರುತುಗಳು ಇರುವ ಜಾಗ ಸ್ವಲ್ಪ ಬೇರೆ ಇರುತ್ತದೆ. ಗಾಬರಿ ಬೇಡ. ಹುಡುಕಿದರೆ ಸಿಗುತ್ತದೆ. ತಪ್ಪು ಕಡೆ ಹೋದರೆ ಹಿಂದಕ್ಕೆ ಬರಬಹುದು.

1. ಕನ್ನಡ ಮಾಡಿಕೊಳ್ಳಿ

ಹೊಸ ಟ್ಯಾಬ್ ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ಕನ್ನಡಕ್ಕೆ ತಿರುಗಿಸಬಹುದು. ಪರದೆಯ ಮೇಲೆ ಹಲ್ಲಿನ ಚಕ್ರದ ಚಿತ್ರ ಇರುತ್ತದೆ. ಅದು ಸೆಟ್ಟಿಂಗ್ಸ್. ಅದನ್ನು ಒತ್ತಿ. ಒಳಗೆ ಭಾಷೆ ಎಂಬ ಜಾಗ ಹುಡುಕಿ. ಇಂಗ್ಲಿಷಿನಲ್ಲಿ ಅದಕ್ಕೆ ಲ್ಯಾಂಗ್ವೇಜ್ ಎಂದು ಇರುತ್ತದೆ. ಮೊದಲ ಸಲ ಓದಲು ಬಲ್ಲವರ ಸಹಾಯ ತಗೊಳ್ಳಿ. ಪಟ್ಟಿಯಲ್ಲಿ ಕನ್ನಡ ಎಂದು ಕನ್ನಡದಲ್ಲೇ ಬರೆದಿರುತ್ತದೆ. ಅದನ್ನು ಆರಿಸಿ.

ಈಗ ನೋಡಿ. ಪರದೆಯ ತುಂಬ ನಮ್ಮ ಅಕ್ಷರ!

2. ಅಕ್ಷರ ದೊಡ್ಡದು ಮಾಡಿಕೊಳ್ಳಿ

ನಮ್ಮ ಅಜ್ಜಿಗೆ ಚಿಕ್ಕ ಅಕ್ಷರ ಕಾಣುತ್ತಿರಲಿಲ್ಲ. 'ನಂಗೆ ಓದಕ್ಕೆ ಬರಲ್ಲ' ಅನ್ನುತ್ತಿದ್ದರು. ಓದಲು ಬರುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಸೆಟ್ಟಿಂಗ್ಸ್ ಒಳಗೆ ಪರದೆ ಅಥವಾ ಡಿಸ್‌ಪ್ಲೇ ಎಂಬ ಜಾಗ ಇದೆ. ಅಲ್ಲಿ ಅಕ್ಷರದ ಗಾತ್ರ ಹೆಚ್ಚಿಸಬಹುದು. ಹೆಚ್ಚಿಸಿ ಕೊಟ್ಟೆವು. ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಇಡೀ ಸಾಲು ಓದಿದರು. ಫೋಟೋ ಆದರೆ ಎರಡು ಬೆರಳು ಇಟ್ಟು ಅಗಲಿಸಿ. ಚಿತ್ರ ದೊಡ್ಡದಾಗುತ್ತದೆ.

3. ಒತ್ತಕ್ಷರ ಬರೆಯುವುದು ಕಲಿಯಿರಿ

ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕೀಲಿಮಣೆಯನ್ನೂ ಸೇರಿಸಿಕೊಳ್ಳಿ. ಬರೆಯುವ ಜಾಗ ಮುಟ್ಟಿದರೆ ಕೆಳಗೆ ಅಕ್ಷರಗಳು ಬರುತ್ತವೆ. ಬೇಕಾದ ಅಕ್ಷರ ಒತ್ತುವುದು ಸುಲಭ. ಒತ್ತಕ್ಷರ ಬಂದಾಗ ನಾವು ನಿಂತೆವು. 'ಅಕ್ಕ' ಬರೆಯುವುದು ಹೇಗೆ?

ಮೊದಲು 'ಅ' ಒತ್ತಿ. ಆಮೇಲೆ 'ಕ' ಒತ್ತಿ. ಆಮೇಲೆ ಅರ್ಧಾಕ್ಷರದ ಗುರುತು ಒತ್ತಿ. ಆಗ 'ಅಕ್' ಆಗುತ್ತದೆ. ಮತ್ತೆ 'ಕ' ಒತ್ತಿ. 'ಅಕ್ಕ' ಬಂತು! ಅಮ್ಮ, ಅಪ್ಪ, ಅಣ್ಣ, ಎಲ್ಲವೂ ಹೀಗೆಯೇ.

ತಪ್ಪಾದರೆ ಹಲಗೆ ಒರೆಸಿದ ಹಾಗೆ ಒರೆಸಬಹುದು. ಅದಕ್ಕೂ ಒಂದು ಗುಂಡಿ ಇದೆ.

4. ಮಾತಾಡಿ, ಬರೆಸಿ

ಅಕ್ಷರಗಳ ಹತ್ತಿರ ಮೈಕಿನ ಚಿತ್ರ ಇರುತ್ತದೆ. ಅದನ್ನು ಒತ್ತಿ ಕನ್ನಡದಲ್ಲಿ ನಿಧಾನವಾಗಿ ಮಾತಾಡಿ. ನೀವು ಆಡಿದ ಮಾತು ಅಕ್ಷರವಾಗಿ ಬರುತ್ತದೆ. ಬಹಳ ಟ್ಯಾಬ್‌ಗಳಲ್ಲಿ ಇದಕ್ಕೆ ನೆಟ್ ಬೇಕು.

ಒಂದು ಎಚ್ಚರಿಕೆ. ಯಂತ್ರ ತಪ್ಪು ಕೇಳಿಸಿಕೊಳ್ಳಬಹುದು. ಐವತ್ತು ಅಂದರೆ ಐನೂರು ಬಂದೀತು. ಬಂದದ್ದನ್ನು ಒಂದು ಸಲ ಓದಿ. ಆಮೇಲೆ ಕಳಿಸಿ. ಹಣದ ಲೆಕ್ಕ ಮಾತ್ರ ನಾವು ಬೆರಳಿನಿಂದಲೇ ಬರೆಯುತ್ತೇವೆ. ಬರೆಯುತ್ತ ಇದ್ದರೆ ಕಲಿತ ಅಕ್ಷರ ಮರೆಯುವುದಿಲ್ಲ.

5. ಕ್ಯಾಮೆರಾ ಬಳಸಿ

ಕ್ಯಾಮೆರಾ ಮದುವೆ, ಜಾತ್ರೆಗೆ ಮಾತ್ರ ಅಲ್ಲ. ನಾವು ಇದಕ್ಕೂ ಬಳಸುತ್ತೇವೆ:

ಗುಳಿಗೆಯ ಚೀಟಿಯಲ್ಲಿ ಅಕ್ಷರ ಸಣ್ಣದು. ಫೋಟೋ ತೆಗೆದು ದೊಡ್ಡದು ಮಾಡುತ್ತೇವೆ. ಅವಧಿ ಮುಗಿಯುವ ತಿಂಗಳು, ವರ್ಷ ನೋಡುತ್ತೇವೆ. ಅವಧಿ ಮುಗಿದ ಗುಳಿಗೆ ನುಂಗುವುದಿಲ್ಲ.

ಬೆಳೆಗೆ ರೋಗ ಬಂದರೆ ಎಲೆಯ ಮೇಲೆ ಕೆಳಗೆ ಎರಡೂ ಕಡೆ ಫೋಟೋ ತೆಗೆಯುತ್ತೇವೆ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸುತ್ತೇವೆ. ಆಮೇಲೆ ಔಷಧಿ ತರುತ್ತೇವೆ.

ಹೊಲದ ಪಹಣಿ ನೋಡಲು ಕಂದಾಯ ಇಲಾಖೆಯ 'ಭೂಮಿ' ಜಾಲತಾಣ ಇದೆ. ಸರ್ವೆ ನಂಬರು ಗೊತ್ತಿದ್ದರೆ ಟ್ಯಾಬಿನಲ್ಲೇ ನೋಡಬಹುದು. ಹೊಲ ಯಾರ ಹೆಸರಲ್ಲಿ ಇದೆ? ಮಹಿಳೆಯರು ಇದನ್ನು ತಾವೇ ಓದಿ ತಿಳಿಯಬೇಕು.

6. ನೆಟ್ ಇದ್ದಾಗ ಇಳಿಸಿ ಇಡಿ

ನಮ್ಮ ಊರಲ್ಲಿ ನೆಟ್ ಬರುತ್ತದೆ, ಹೋಗುತ್ತದೆ. ಬಂದಾಗ ಬೇಕಾದ ಪಾಠ, ಪುಸ್ತಕ ಇಳಿಸಿ ಇಡುತ್ತೇವೆ. ಕೆಳಗೆ ಇಳಿಯುವ ಬಾಣದ ಗುರುತು ಒತ್ತಿದರೆ ಇಳಿಯುತ್ತದೆ. ಬಾವಿಯಲ್ಲಿ ನೀರಿದ್ದಾಗ ಕೊಡ ತುಂಬಿ ಇಟ್ಟ ಹಾಗೆ. ಆಮೇಲೆ ನೆಟ್ ಇಲ್ಲದಿದ್ದರೂ ನೋಡಬಹುದು.

7. ಚಾರ್ಜ್ ಉಳಿಸಿ

ಪರದೆಯ ಬೆಳಕು ಬ್ಯಾಟರಿಯನ್ನು ಬಹಳ ತಿನ್ನುತ್ತದೆ. ಮನೆಯೊಳಗೆ ಇರುವಾಗ ಬೆಳಕು ಕಡಿಮೆ ಮಾಡಿ. ಕೆಲಸ ಮುಗಿದ ಮೇಲೆ ಪರದೆ ಆರಿಸಿ. ಟ್ಯಾಬಿನ ಜೊತೆ ಬಂದ ಚಾರ್ಜರನ್ನೇ ಬಳಸಿ. ಚಾರ್ಜಿಗೆ ಹಾಕಿದಾಗ ಮೇಲೆ ಬಟ್ಟೆ, ದಿಂಬು ಮುಚ್ಚಬೇಡಿ. ಒಲೆಯ ಹತ್ತಿರ, ಬಿಸಿಲಲ್ಲಿ ಇಡಬೇಡಿ. ಒದ್ದೆ ಕೈಯಲ್ಲಿ ವೈರು ಮುಟ್ಟಬೇಡಿ.

8. ಬೀಗ ಹಾಕಿ, ಗುಟ್ಟು ಕಾಪಾಡಿ

ಮನೆಗೆ ಬೀಗ ಇದೆ. ಟ್ಯಾಬಿಗೂ ಬೀಗ ಬೇಕು. ಅದು ಅಂಕಿಯ ಬೀಗ. ಅದಕ್ಕೆ ಪಿನ್ ಅನ್ನುತ್ತಾರೆ. 1234 ಎಂದು ಇಡಬೇಡಿ. ಅದನ್ನು ಯಾರಾದರೂ ಊಹಿಸುತ್ತಾರೆ. ಪಿನ್ನನ್ನು ಟ್ಯಾಬಿನ ಹಿಂದೆ ಬರೆದು ಅಂಟಿಸಬೇಡಿ.

ಬ್ಯಾಂಕಿನಿಂದ ಕೆಲವು ಸಲ ಒಂದು ಅಂಕಿ ಬರುತ್ತದೆ. ಅದು ಓಟಿಪಿ. ಅದು ಒಂದೇ ಸಲ ತೆರೆಯುವ ಬೀಗದ ಕೈ. ಬ್ಯಾಂಕಿನವರು ಅಂತ ಹೇಳಿದರೂ ಅದನ್ನು ಫೋನಿನಲ್ಲಿ ಕೊಡಬಾರದು.

ಇನ್ನೊಂದು ಮಾತು. ನಮಗೆ ಹಣ ಬರಬೇಕಾದರೆ ನಾವು ಯುಪಿಐ ಪಿನ್ ಒತ್ತಬೇಕಿಲ್ಲ. ಅದು ಹಣ ಕಳಿಸುವಾಗ ಒತ್ತುವ ಪಿನ್. 'ಹಣ ಹಾಕ್ತೀನಿ, ಪಿನ್ ಒತ್ತಿ' ಅಂದರೆ ಅದು ಮೋಸ.

ಆ ಸಂಜೆ ಏನಾಯಿತು?

ಕಲಿಯಲು ಶುರು ಮಾಡಿ ಎರಡು ತಿಂಗಳಾಗಿತ್ತು. ಒಂದು ಸಂಜೆ ಟ್ಯಾಬಿಗೆ ಒಂದು ಸಂದೇಶ ಬಂತು. ಕಾರ್ಯದರ್ಶಿ ಅಕ್ಕ ಬೆರಳಿಟ್ಟು ಗಟ್ಟಿಯಾಗಿ ಓದಿದಳು:

'ನಿಮ್ಮ ಖಾತೆ ಇಂದು ರಾತ್ರಿ ಬಂದ್ ಆಗುತ್ತದೆ. ಕೂಡಲೇ ಇಲ್ಲಿ ಒತ್ತಿ.'

ನಮ್ಮ ಎದೆ ಧಸಕ್ಕೆಂದಿತು. ಅದು 14 ಜನರ ಉಳಿತಾಯ. ಕೂಲಿ ದುಡ್ಡು, ಹಾಲಿನ ದುಡ್ಡು. ಒಬ್ಬಳು 'ಬೇಗ ಒತ್ತಕ್ಕಾ' ಅಂದಳು. ಅಷ್ಟರಲ್ಲಿ ಫೋನೂ ಬಂತು.

"ನಾನು ಬ್ಯಾಂಕ್ ಮ್ಯಾನೇಜರ್. ನಿಮಗೀಗ ಒಂದು ನಂಬರು ಬರುತ್ತೆ. ಹೇಳಿ ಬೇಗ. ಇಲ್ಲಾಂದ್ರೆ ಖಾತೆ ಹೋಗುತ್ತೆ."

ಕಾರ್ಯದರ್ಶಿ ಅಕ್ಕ ಸಂದೇಶವನ್ನು ಇನ್ನೊಂದು ಸಲ ಓದಿದಳು. ಅದರಲ್ಲಿ ನಮ್ಮ ಸಂಘದ ಹೆಸರು ಇರಲಿಲ್ಲ. ನಮ್ಮ ಬ್ಯಾಂಕಿನ ಹೆಸರೂ ಇರಲಿಲ್ಲ. ಅವಳು ನಿಧಾನವಾಗಿ ಹೇಳಿದಳು:

"ನಾಳೆ ನಾವೇ ಬ್ಯಾಂಕಿಗೆ ಬರ್ತೀವಿ ಸ್ವಾಮಿ. ಅಲ್ಲೇ ಹೇಳ್ತೀವಿ."

ಫೋನ್ ಕಟ್ ಆಯಿತು.

ಮಾರನೇ ದಿನ ಐದು ಜನ ಬ್ಯಾಂಕಿಗೆ ಹೋದೆವು. 'ನಾವು ಕಳಿಸಿಲ್ಲಮ್ಮ, ಫೋನೂ ಮಾಡಿಲ್ಲ' ಅಂದರು. ಪಾಸ್‌ಬುಕ್ ತುಂಬಿಸಿ ಕೊಟ್ಟರು. ಹಣ ಇದ್ದ ಹಾಗೇ ಇತ್ತು.

ಆ ಹುಡುಗನಿಗಾಗಿ ಕಾಯುತ್ತ ಕೂತಿದ್ದರೆ? ಓದದೆ ಒತ್ತಿದ್ದರೆ? ಟ್ಯಾಬಿಗೆ ನೂರು ಕೆಲಸ ಬರಬಹುದು. ಓದಿ ನೋಡಿ ತೀರ್ಮಾನ ಮಾಡುವ ಕೆಲಸ ನಮ್ಮದೇ.

ಯಾರಾದರೂ ಹೀಗೆ ಮೋಸ ಹೋದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಇದು ಇಂಥ ಮೋಸದ ದೂರು ಕೊಡಲು ಇಡೀ ದೇಶಕ್ಕೆ ಇರುವ ಸಂಖ್ಯೆ. ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಯಲು ಅನುಕೂಲ.

ಈಗ ನಮ್ಮ ಟ್ಯಾಬ್ ಟ್ರಂಕಿನಲ್ಲಿ ಇಲ್ಲ. ವಾರಕ್ಕೆ ಒಬ್ಬರ ಮನೆಯಲ್ಲಿ ಇರುತ್ತದೆ. ಯಾರ ಮನೆಯಲ್ಲಿ ಇದೆಯೋ ಅವರೇ ಆ ವಾರದ ಲೆಕ್ಕ ಬರೆಯಬೇಕು. ಈ ವಾರ ಅಜ್ಜಿಯ ಪಾಳಿ.

ಓದಿ, ಉತ್ತರ ಹೇಳಿ

1. ಸಂಘದ ಲೆಕ್ಕ ಮೂರು ವಾರ ಏಕೆ ನಿಂತಿತು?
2. ಅಜ್ಜಿಗೆ ಓದಲು ಏನು ತೊಂದರೆ ಇತ್ತು? ಅದು ಹೇಗೆ ಹೋಯಿತು?
3. ಸಂದೇಶ ಮೋಸದ್ದು ಎಂದು ಕಾರ್ಯದರ್ಶಿ ಅಕ್ಕನಿಗೆ ಹೇಗೆ ಅನುಮಾನ ಬಂತು?

ಬಿಟ್ಟ ಜಾಗ ತುಂಬಿ

1. ಮೋಸ ಹೋದರೆ ಕೂಡಲೇ ........ ಸಂಖ್ಯೆಗೆ ಫೋನ್ ಮಾಡಬೇಕು.
2. ........ ಯಾರಿಗೂ ಫೋನಿನಲ್ಲಿ ಹೇಳಬಾರದು.

ಮಾಡಿ ನೋಡಿ

ಟ್ಯಾಬಿನಲ್ಲಿ ಅಥವಾ ಫೋನಿನಲ್ಲಿ ನಿಮ್ಮ ಹೆಸರು, ನಿಮ್ಮ ಊರಿನ ಹೆಸರು ಬರೆಯಿರಿ. ಒತ್ತಕ್ಷರ ಇದ್ದರೆ ಬಿಡಬೇಡಿ.

ಕೂತು ಮಾತಾಡಿ

ನಿಮ್ಮ ಮನೆಯಲ್ಲಿ ಟ್ಯಾಬ್ ಅಥವಾ ಫೋನ್ ಯಾರ ಕೈಯಲ್ಲಿ ಇರುತ್ತದೆ? ನಿಮ್ಮ ಕೈಗೆ ದಿನಕ್ಕೆ ಎಷ್ಟು ಹೊತ್ತು ಬರುತ್ತದೆ?