ರೋಡು ಯಾರಪ್ಪಂದು?

ಇಂದಿನ ಧಮ್ಮ ಚಿಂತನೆಯನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಸಂಕ್ರಾಂತಿಗೆ ಕೆಲವು ದಿನ ಮುಂಚಿನ ಮಾತು. ನಮ್ಮ ಚಾಮರಾಜನಗರದ ಕಡೆ ಅದು ಹುರುಳಿ ಒಕ್ಕಣೆಯ ಕಾಲ. ಈಗ ಕಣ ಮಾಡುವವರು ಕಡಿಮೆ, ಟಾರು ರಸ್ತೆಯೇ ಕಣ. ಅರ್ಧ ರಸ್ತೆಯಲ್ಲಿ ಹುರುಳಿ ಗಿಡ ಹರಡಿತ್ತು. ಉಳಿದ ಅರ್ಧದಲ್ಲಿ ವಯಸ್ಸಾದ ಯಜಮಾನರೊಬ್ಬರು ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಹೋಗುತ್ತಿದ್ದರು. ಅವರ ಹಿಂದೆ ಕಾರಿನಲ್ಲಿ ನಾನು. ಶಾಲೆಯಲ್ಲಿ ಪ್ರಾರ್ಥನೆಯ ಬೆಲ್ಲಿನ ಹೊತ್ತಾಗಿತ್ತು. ಹಾರನ್ ಹೊಡೆದೆ. ಅವರು ಜಾಗ ಬಿಡಲಿಲ್ಲ. ಮತ್ತೆ ಹೊಡೆದೆ. ಸೈಕಲ್ಲು ಎಡಕ್ಕೆ ಸರಿಯುವ ಬದಲು ಬಲಕ್ಕೆ ವಾಲಿತು. ಬ್ರೇಕ್ ಒತ್ತಿ, ಗಾಜು ಇಳಿಸಿ ಕೂಗಿದೆ: "ಏಯ್, ರೋಡು ನಿಮ್ಮಪ್ಪಂದಾ?"

ಅವರು ಇಳಿದರು. ಸೈಕಲ್ಲನ್ನು ಪಕ್ಕದ ಮಣ್ಣಿಗೆ ಎಳೆದುಕೊಂಡು ನಿಂತರು. ಹೆಗಲ ಮೇಲಿದ್ದ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, "ತಪ್ಪಾಯ್ತು ಬುದ್ದಿ" ಅಂದರು.

ಈ ಮಾತಿನ ತೂಕವನ್ನು ನಮ್ಮವರಿಗೆ ವಿವರಿಸಬೇಕಿಲ್ಲ. ಊರಿನ ದೊಡ್ಡವರು ಎದುರಾದರೆ ನನ್ನ ತಾತ ಹೀಗೆಯೇ ದಾರಿ ಬಿಟ್ಟು ನಿಲ್ಲುತ್ತಿದ್ದರು. ಟವೆಲು ಹೀಗೆಯೇ ಹೆಗಲಿನಿಂದ ಕೈಗೆ ಬರುತ್ತಿತ್ತು. ಬಾಯಲ್ಲಿ ಇದೇ "ಬುದ್ದಿ". ತಾತನ ಆ ನಿಲುವನ್ನು ನೆನೆದು ನಾನು ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇನೆ. ಅವತ್ತು ತಾತನ ಜಾಗದಲ್ಲಿ ಆ ಯಜಮಾನರು ನಿಂತಿದ್ದರು, ದೊಡ್ಡವರ ಜಾಗದಲ್ಲಿ ನಾನು ಕೂತಿದ್ದೆ. ಏನೂ ಹೇಳಲಾಗದೆ ಗಾಡಿ ಮುಂದಕ್ಕೆ ಬಿಟ್ಟೆ.

ರೋಡು ಯಾರಪ್ಪಂದು? ಈ ಪ್ರಶ್ನೆಯನ್ನು ನಮ್ಮ ಹಿರಿಯರಿಗೆ ಬಹಳ ಜನ ಕೇಳಿದ್ದಾರೆ. 1924ರಲ್ಲಿ ವೈಕಂನಲ್ಲಿ ಸತ್ಯಾಗ್ರಹ ಶುರುವಾದದ್ದು ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ನಡೆದಾಡುವ ಹಕ್ಕಿಗಾಗಿ. ನಮ್ಮ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ರಸ್ತೆಯನ್ನೂ ಹೆಸರಿಟ್ಟು ಹೇಳುತ್ತದೆ: ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ದೂರ ಇಡುವಂತಿಲ್ಲ. ರಸ್ತೆಯ ಹೆಸರನ್ನು ಅಷ್ಟು ಸ್ಪಷ್ಟವಾಗಿ ಬರೆಯಬೇಕಾಗಿ ಬಂತು ಎಂಬುದರಲ್ಲೇ ಒಂದು ಚರಿತ್ರೆ ಇದೆ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದುಕೊಂಡಿರುವ 1929ರ ಘಟನೆಯನ್ನೂ ನೆನೆಯೋಣ. ಅಸ್ಪೃಶ್ಯರ ಕುಂದುಕೊರತೆ ವಿಚಾರಿಸಲು ಮುಂಬೈ ಸರ್ಕಾರ ನೇಮಿಸಿದ್ದ ಸಮಿತಿಯ ಸದಸ್ಯರಾಗಿ ಅವರು ಪ್ರವಾಸ ಮಾಡಿದ್ದರು. ಚಾಳೀಸ್‌ಗಾಂವ್‌ನಲ್ಲಿ ಇಳಿದಾಗ ಅವರನ್ನು ಕೂರಿಸಿಕೊಂಡು ಹೋಗಲು ಟಾಂಗಾದವರು ಒಪ್ಪಲಿಲ್ಲ, ಅದು ತಮ್ಮ ಘನತೆಗೆ ಕಡಿಮೆ ಎಂದರು. ಟಾಂಗಾ ಬೇಕಾದರೆ ಬಾಡಿಗೆಗೆ ಕೊಡುತ್ತೇವೆ, ನಾವು ಓಡಿಸುವುದಿಲ್ಲ ಎಂದರು. ಓಡಿಸಿ ಅಭ್ಯಾಸವಿಲ್ಲದ ಕೇರಿಯವರೊಬ್ಬರು ಲಗಾಮು ಹಿಡಿದರು. ಸ್ವಲ್ಪ ದೂರದಲ್ಲೇ ಒಂದು ಮೋಟಾರು ಕಾರಿಗೆ ಡಿಕ್ಕಿಯಾಗುವುದು ತಪ್ಪಿತು. ಮುಂದೆ ಸೇತುವೆಯ ಮೇಲೆ ಬಾಬಾಸಾಹೇಬರು ಕಲ್ಲಿನ ನೆಲಕ್ಕೆ ಎಸೆಯಲ್ಪಟ್ಟು ಕಾಲು ಮುರಿಯಿತು. ಓಡಿಸುವವರ ಹಮ್ಮಿಗೆ ಕೂತವರ ಜೀವಕ್ಕಿಂತ ಹೆಚ್ಚು ಬೆಲೆ ಕಟ್ಟಿದ್ದರ ಫಲ ಅದು.

ಜಾತಿ ಎಂದರೆ ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಕಲಿಸಿದರು. ಪ್ರತಿ ಮೆಟ್ಟಿಲಿನವನೂ ಮೇಲಿನವನಿಗೆ ತಲೆಬಾಗುತ್ತಾನೆ, ಕೆಳಗಿನವನನ್ನು ತುಳಿಯುತ್ತಾನೆ. ಈಗ ನಮ್ಮ ರಸ್ತೆ ನೋಡಿ. ಲಾರಿ ಕಾರಿನ ಮೇಲೆ ನುಗ್ಗುತ್ತದೆ, ಕಾರು ಬೈಕಿನ ಮೇಲೆ, ಬೈಕು ಸೈಕಲ್ಲಿನ ಮೇಲೆ. ಸೈಕಲ್ಲಿನವನು ತಲೆ ಮೇಲೆ ಸೌದೆ ಹೊತ್ತ ಅಜ್ಜಿಗೆ ಬೆಲ್ಲು ಬಾರಿಸಿ ಗದರುತ್ತಾನೆ. ಒಂದು ವ್ಯತ್ಯಾಸವನ್ನು ಮರೆಯಬಾರದು. ವಾಹನದಿಂದ ಇಳಿಯಬಹುದು, ಜಾತಿಯಿಂದ ಹಾಗೆ ಇಳಿಯಲು ಬಿಡುವುದಿಲ್ಲ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಮೆಟ್ಟಿಲಿನ ರೂಢಿ ಎಷ್ಟು ಬೇಗ ನಮ್ಮೊಳಗೂ ಇಳಿಯುತ್ತದೆ ಎಂಬುದನ್ನು ಸ್ಟೇರಿಂಗ್ ನನಗೆ ತೋರಿಸಿತು. ಸಾಲ ಮಾಡಿ ಕಾರು ಕೊಂಡು ಇನ್ನೂ ಎರಡು ವರ್ಷ ತುಂಬಿಲ್ಲ.

ಪಂಚಶೀಲದ ಐದನೆಯ ಶೀಲವನ್ನು ನಾವು ಹೆಂಡ ಮುಟ್ಟಬಾರದು ಎಂದಷ್ಟೇ ಓದುತ್ತೇವೆ. ಅಮಲು ಯಾಕೆ ಬೇಡ ಎಂಬುದಕ್ಕೆ ಆ ಶೀಲದಲ್ಲೇ ಒಂದು ಪದವಿದೆ: ಪಮಾದ. ಅಂದರೆ ಎಚ್ಚರ ತಪ್ಪುವುದು. ಹೆಂಡವಿಲ್ಲದೆಯೂ ಅಮಲು ಏರುತ್ತದೆ. ಯೌವನದ ಮದ, ಆರೋಗ್ಯದ ಮದ, ಬದುಕಿನ ಮದ ಎಂದು ಭಗವಾನ್ ಬುದ್ಧರು ಮೂರನ್ನು ಹೇಳಿದ್ದಾರೆ. ಸಮಯಕ್ಕೆ ತಲುಪಬೇಕೆಂಬ ಅವಸರ, ಕೈಕೆಳಗಿನ ಎಂಜಿನ್ನಿನ ಬಲ ಇವುಗಳ ಮದ ನನ್ನದಾಗಿತ್ತು.

ಒಂದು ವಾರದ ಮೇಲೆ ಆ ಯಜಮಾನರು ಮತ್ತೆ ಸಿಕ್ಕರು. ಗಾಡಿ ನಿಲ್ಲಿಸಿ, ಇಳಿದು ಹೋಗಿ ಹೇಳಿದೆ: "ಯಜಮಾನ್ರೇ, ಅವತ್ತು ತಪ್ಪು ನಂದು. ಹಂಗೆ ಕೂಗಬಾರದಿತ್ತು. ನನ್ನ ಬುದ್ದಿ ಅನ್ಬೇಡಿ, ನಾನೂ ಕೇರಿಯವನೇ."

ಅವರು ನಕ್ಕರು. "ಕಾರಲ್ಲಿ ಕುಂತವ್ರು ಯಾವ ಕೇರಿಯೋರು ಅಂತ ಹೊರಗ್ಲಿಂದ ಹೆಂಗೆ ಗೊತ್ತಾದದು?" ಅಂದರು. ಆಮೇಲೆ ಹೇಳಿದರು: "ಹಿಂದಿಂದ ಹಾರನ್ ಹೊಡದ್ರೆ ತಿರುಗಿ ನೋಡ್ತೀವಿ. ಕತ್ತು ತಿರುಗಿದ್ರೆ ಹ್ಯಾಂಡ್ಲೂ ತಿರುಗ್ತದೆ. ಎಡಕ್ಕೆ ಇಳಿಯಾನ ಅಂದ್ರೆ ಟಾರು ಮುಗಿಯೋ ಕಡೆ ಗೇಣುದ್ದ ತಗ್ಗು. ಹೊರೆ ಇದ್ರೆ ಬಿದ್ದಂಗೇಯ."

ಸೈಕಲ್ಲು ಯಾಕೆ ಬಲಕ್ಕೆ ವಾಲಿತೆಂದು ಅವತ್ತು ನನಗೆ ಅರ್ಥವಾಯಿತು. ಸೊಕ್ಕು ಎಂದು ನಾನು ತಿಳಿದದ್ದು ಅವರ ಭಯವಾಗಿತ್ತು.

ಗಾಡಿ ಓಡಿಸುವವರ ದೂರುಗಳೂ ಸುಳ್ಳಲ್ಲ. ನಮ್ಮ ಶಾಲೆಯ ಮಕ್ಕಳೇ ಮೂರು ಮೂರು ಸೈಕಲ್ಲು ಜೋಡಿಸಿಕೊಂಡು ಮಾತಾಡುತ್ತಾ ಹೋಗುತ್ತಾರೆ. ಕೈ ತೋರಿಸದೆ ತಿರುಗುತ್ತಾರೆ. ಸಂಜೆಯ ಮಬ್ಬಿನಲ್ಲಿ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಕೂಡ ಇಲ್ಲದ ಸೈಕಲ್ಲುಗಳು ರಾಂಗ್ ಸೈಡಿನಲ್ಲಿ ಬರುತ್ತವೆ. ಅದೂ ಪಮಾದವೇ. ಆದರೆ ತೂಕ ಬೇರೆ. ಸೈಕಲ್ಲಿನವನು ಎಚ್ಚರ ತಪ್ಪಿದರೆ ಹೆಚ್ಚಾಗಿ ಸಾಯುವುದು ಅವನೇ. ಕಾರಿನವನು ಎಚ್ಚರ ತಪ್ಪಿದರೆ ಸಾಯುವುದು ಇನ್ನೊಬ್ಬ. ವೇಗ 30ರಿಂದ 60ಕ್ಕೆ ಏರಿದರೆ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಯಾರ ಕೈಯಲ್ಲಿ ಬಲ ಹೆಚ್ಚೋ ಅವರ ಸಂಯಮವೂ ಹೆಚ್ಚಿರಬೇಕು. ಇದು ನಾವು ತೋರುವ ದಯೆಯಲ್ಲ, ನಾವು ತೆಗೆದುಕೊಂಡ ಶೀಲ.

ಒಬ್ಬನೇ ಮನುಷ್ಯನಿದ್ದರೆ ಧಮ್ಮ ಬೇಕಾಗುವುದಿಲ್ಲ, ಇಬ್ಬರು ಎದುರಾದ ಕಡೆ ಅದಿಲ್ಲದೆ ಆಗುವುದಿಲ್ಲ ಎಂಬುದು ಬಾಬಾಸಾಹೇಬರ ತಿಳಿವಳಿಕೆ. ಹೆಸರು, ಊರು, ಜಾತಿ ಗೊತ್ತಿಲ್ಲದ ಇಬ್ಬರು ದಿನವೂ ಎದುರಾಗುವ ಜಾಗ ರಸ್ತೆ. ವಿಹಾರದಲ್ಲಿ ನಾವೆಲ್ಲ ಪರಿಚಿತರು. ಮೈತ್ರಿಗೆ ನಿಜವಾದ ಪರೀಕ್ಷೆ ರಸ್ತೆಯಲ್ಲೇ.

ಇಂದಿನ ಅಭ್ಯಾಸ:

ಗಾಡಿ ಓಡಿಸುವವರು ಸೈಕಲ್ಲನ್ನು ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡೋಣ. ಅಷ್ಟು ಜಾಗ ಇಲ್ಲದಿದ್ದರೆ ಹಿಂದೆಯೇ ಕಾಯೋಣ. ಬೆನ್ನಿಗೇ ಬಂದು ಹಾರನ್ ಹೊಡೆಯುವುದು ಬೇಡ.

ಸೈಕಲ್ ತುಳಿಯುವವರು ಎಡಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗೋಣ. ತಿರುಗುವ ಮುಂಚೆ ಕೈ ತೋರಿಸೋಣ. ಹಿಂದಿನ ಮಡ್‌ಗಾರ್ಡಿಗೆ ರಿಫ್ಲೆಕ್ಟರ್ ಇವತ್ತೇ ಅಂಟಿಸೋಣ. ನಡೆಯುವವರಿಗೆ ದಾರಿ ಬಿಡೋಣ.

ಯಾವ ಗಾಡಿಯಲ್ಲಿದ್ದರೂ, ಅಪರಿಚಿತರನ್ನು "ಏಯ್" ಎನ್ನುವ ಮುಂಚೆ ಒಂದು ಉಸಿರು ತೆಗೆದುಕೊಳ್ಳೋಣ. ಸಮ್ಮಾ ವಾಚಾ ಅಲ್ಲಿಂದ ಶುರು.

ಆ ಯಜಮಾನರು ಈಗ ನನ್ನನ್ನು "ಮೇಷ್ಟ್ರೇ" ಅನ್ನುತ್ತಾರೆ. ಟವೆಲು ಹೆಗಲ ಮೇಲೇ ಇರುತ್ತದೆ.

ನಮೋ ಬುದ್ಧಾಯ. ಜೈ ಭೀಮ್.