ಮೆಣಸಿನಕಾಯಿ ಒಣಗಿಸೋದು: ಬಿಸಿಲು ಎಷ್ಟು, ಕರೆಂಟು ಎಷ್ಟು?

ಬ್ಯಾಡಗಿ ಮೆಣಸಿನಕಾಯಿಗೆ ಒಳ್ಳೆ ರೇಟು ಸಿಗೋದು ಖಾರಕ್ಕಲ್ಲ, ಬಣ್ಣಕ್ಕೆ. ಹಾಗಾದರೆ ಡ್ರೈಯರ್ ತಗೊಳ್ಳೋದಾ, ಬಿಸಿಲೇ ಸಾಕಾ? ನಾನು ಹೇಳೋದು ಇಷ್ಟೇ: ಮೊದಲು ನೀರಿನ ಲೆಕ್ಕ ಹಾಕಿ.

ನೀರಿನ ಲೆಕ್ಕ

100 ಕೆಜಿ ಹಸಿ ಹಣ್ಣುಗಾಯಿಯಲ್ಲಿ 75 ಕೆಜಿ ನೀರಿದೆ ಅಂದುಕೊಳ್ಳಿ. ತೇವಾಂಶ ಶೇ. 10ಕ್ಕೆ ಇಳಿದಾಗ ಉಳಿಯೋದು ಸುಮಾರು 28 ಕೆಜಿ. ಅಂದರೆ 72 ಕೆಜಿ ನೀರು ಆವಿಯಾಗಬೇಕು. ಒಂದು ಕೆಜಿ ನೀರು ಆವಿಯಾಗಲು ಕನಿಷ್ಠ 0.65 ಯುನಿಟ್ ಶಕ್ತಿ ಬೇಕು. ಡ್ರೈಯರ್‌ನಲ್ಲಿ ಬಿಸಿಗಾಳಿ ಹೊರಗೂ ಹೋಗುತ್ತೆ, ಹಾಗಾಗಿ 1.5 ಯುನಿಟ್ ಹಿಡಿಯಿರಿ. ಒಟ್ಟು 108 ಯುನಿಟ್. ಯುನಿಟ್‌ಗೆ 7 ರೂಪಾಯಿ ಅಂದರೂ ಒಂದು ಕೆಜಿ ಒಣ ಕಾಯಿಗೆ 27 ರೂಪಾಯಿ ಕರೆಂಟಿಗೇ ಹೋಯ್ತು.

ಈಗ ಇನ್ನೊಂದು ದಾರಿ ನೋಡಿ. ತೇವಾಂಶ ಶೇ. 30ಕ್ಕೆ ಬರೋವರೆಗೆ ಬಿಸಿಲಲ್ಲೇ ಒಣಗಿಸಿದರೆ 64 ಕೆಜಿ ನೀರು ಪುಕ್ಕಟೆ ಹೋಗುತ್ತೆ. ಡ್ರೈಯರ್‌ಗೆ ಉಳಿಯೋದು 8 ಕೆಜಿ ಮಾತ್ರ. ಕೊನೆಯ ನೀರು ಸುಲಭಕ್ಕೆ ಬಿಡಲ್ಲ, ಕೆಜಿಗೆ 2.5 ಯುನಿಟ್ ಹಿಡಿದರೂ ಖರ್ಚು ಒಣ ಕಾಯಿ ಕೆಜಿಗೆ 5 ರೂಪಾಯಿ.

ಗುಣಮಟ್ಟ ಕೆಡೋದು ಎಲ್ಲಿ?

ಅರ್ಧ ಒಣಗಿದ ಕಾಯಿಗೆ ಇಬ್ಬನಿ, ಮೋಡ ಸಿಕ್ಕರೆ ಬೂಷ್ಟು ಬರುತ್ತೆ. ಅದರಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗಬಹುದು. ಅತಿಯಾಗಿ ಬಿಸಿಲಿಗೆ ಬಿಟ್ಟರೆ ಬಣ್ಣ ಬಿಳಿಚುತ್ತೆ. ಹಾಗಾಗಿ:

- ನೆಲದ ಮೇಲೆ ಬೇಡ, ಶುಭ್ರ ತಾಡಪತ್ರಿ ಮೇಲೆ ತೆಳುವಾಗಿ ಹರಡಿ. ರಾತ್ರಿ ಮುಚ್ಚಿ.
- ಡ್ರೈಯರ್ ಉಷ್ಣಾಂಶ 60 ಡಿಗ್ರಿ ದಾಟಬಾರದು. ಬೇಗ ಮುಗೀಲಿ ಅಂತ ಏರಿಸಿದರೆ ಕರೆಂಟೂ ಹೋಯ್ತು, ಬಣ್ಣವೂ ಹೋಯ್ತು.
- ತೂಕ ಬರಲಿ ಅಂತ ನೀರು ಚಿಮುಕಿಸಬೇಡಿ. ದುಡ್ಡು ಕೊಟ್ಟು ತೆಗೆದ ನೀರನ್ನು ಮತ್ತೆ ಹಾಕಿ ಬೂಷ್ಟು ಕರೆದಂಗೆ.

ಒಂದು ಕೆಜಿ ಚೀಲದ ಉಪಾಯ

ಬಿಸಿಲಿನಿಂದ ಡ್ರೈಯರ್‌ಗೆ ಯಾವಾಗ ಹಾಕೋದು? ಒಂದು ಜಾಲರಿ ಚೀಲಕ್ಕೆ 1 ಕೆಜಿ ಹಸಿ ಕಾಯಿ ತುಂಬಿ, ಉಳಿದ ಕಾಯಿ ಜೊತೆಗೇ ತೆಳುವಾಗಿ ಹರಡಿ ಒಣಗಿಸಿ. ದಿನಾ ತೂಗಿ. 360 ಗ್ರಾಂಗೆ ಬಂದಾಗ ಡ್ರೈಯರ್‌ಗೆ ಹಾಕಿ, 280 ಗ್ರಾಂಗೆ ಬಂದಾಗ ತೆಗೀರಿ. ಗಿಡದಲ್ಲೇ ಬಾಡಿದ ಕಾಯಿಯಾದರೆ ಈ ಲೆಕ್ಕ ಹೊಂದಲ್ಲ, ತೇವಾಂಶ ಮಾಪಕದಲ್ಲಿ ನೋಡಿ.

ಕೋಲ್ಡ್ ಸ್ಟೋರೇಜ್‌ನಲ್ಲಿ ಇಡೋರು ಶೇ. 10-11 ತೇವಾಂಶಕ್ಕೆ ಒಣಗಿಸಿಯೇ ಇಡಿ. ತಂಪು ಬಣ್ಣ ಉಳಿಸುತ್ತೆ, ಆದರೆ ಹಸಿ ಕಾಯಿಯನ್ನು ಒಣಗಿಸಲ್ಲ. ಹೊರಗೆ ತಂದ ಕೂಡಲೇ ಚೀಲ ಬಿಚ್ಚಬೇಡಿ. ತಣ್ಣನೆ ಕಾಯಿ ಮೇಲೆ ಗಾಳಿಯ ತೇವ ಕೂರುತ್ತೆ. ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ಬಿಚ್ಚಿ.

ಮಳೆ, ಮೋಡದ ಸೂಚನೆ ಇದ್ದರೆ ಮಾತ್ರ 360 ಗ್ರಾಂಗೆ ಕಾಯಬೇಡಿ, ಕೂಡಲೇ ಡ್ರೈಯರ್‌ಗೆ ಹಾಕಿ. ಆ ದಿನ ಕರೆಂಟಿಗೆ ಕೊಟ್ಟ ದುಡ್ಡು ದಂಡ ಅಲ್ಲ.