ಮಳೆಗೆ ನೆನೆಯದ ಕಾಗದಪತ್ರ: ಕ್ಲೌಡ್ ಬಳಸುವುದು ಹೇಗೆ?

2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯಲ್ಲಿ ಸುರಿದ ಮಹಾಮಳೆಗೆ ಸ್ವರ್ಣಾ ನದಿ ಉಕ್ಕಿ ಮನೆಗಳಿಗೆ ನೀರು ನುಗ್ಗಿತು. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಅಂಥ ಹೊತ್ತಿನಲ್ಲಿ ಕಪಾಟಿನ ಕಾಗದಪತ್ರ ಯಾರಿಗೆ ನೆನಪಾದೀತು? ಅದಕ್ಕೆ ಮಳೆಗಾಲಕ್ಕೂ ಮುಂಚೆಯೇ ಒಂದು ದಾರಿ ಮಾಡಿಕೊಳ್ಳಬೇಕು.

ಬೇರೆ ಊರಿನಲ್ಲಿ ಹಗಲಿರುಳೂ ಚಾಲೂ ಇರುವ ಕಂಪ್ಯೂಟರ್‌ಗಳಲ್ಲಿ ಇಂಟರ್ನೆಟ್ ಮೂಲಕ ನಮ್ಮ ಕಡತ ಇಡುವ ವ್ಯವಸ್ಥೆಯೇ ಕ್ಲೌಡ್. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬೈಯಲ್ಲಿ ಇಂಥ ಕೇಂದ್ರ ತೆರೆದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಕರಾವಳಿಯವರಿಗೆ ಗೊತ್ತು: ಪಾಸ್‌ಬುಕ್ ಕಳೆದರೂ ದುಡ್ಡು ಬ್ಯಾಂಕಿನಲ್ಲಿ ಭದ್ರ. ಕ್ಲೌಡ್‌ನಲ್ಲಿಟ್ಟ ಕಡತಕ್ಕೆ ನಿಮ್ಮ ಫೋನ್ ಆ ಪಾಸ್‌ಬುಕ್ ಇದ್ದಂತೆ.

1. ಸರ್ಕಾರಿ ದಾಖಲೆಗೆ ಡಿಜಿಲಾಕರ್
ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಈ ಆ್ಯಪ್‌ನಲ್ಲಿ ಮೊಬೈಲ್ ಸಂಖ್ಯೆ, ಆಧಾರ್ ಕೊಟ್ಟು ಆರು ಅಂಕಿಯ ಪಿನ್ ಇಟ್ಟುಕೊಳ್ಳಿ. ಡ್ರೈವಿಂಗ್ ಲೈಸೆನ್ಸ್, ವಾಹನದ ಆರ್‌ಸಿ ಮೊದಲಾದವನ್ನು ಹುಡುಕಿ ಪಡೆಯಿರಿ. ಇಲಾಖೆಯಿಂದಲೇ ಹೀಗೆ ಬಂದ ದಾಖಲೆಗೆ 2017ರ ನಿಯಮದಂತೆ ಮೂಲ ಪ್ರತಿಯಷ್ಟೇ ಮಾನ್ಯತೆ ಇದೆ. ನೀವೇ ಫೋಟೊ ತೆಗೆದು ಸೇರಿಸಿದ್ದಕ್ಕೆ ಆ ಮಾನ್ಯತೆ ಇಲ್ಲ.

2. ಮನೆಯ ಕಾಗದಕ್ಕೆ ಗೂಗಲ್ ಡ್ರೈವ್
ಆ್ಯಪ್‌ನ ಕ್ಯಾಮೆರಾ ಗುರುತು ಒತ್ತಿ ಸ್ಕ್ಯಾನ್ ಮಾಡಿ. ‘ಮನೆ ತೆರಿಗೆ 2024’, ‘ಅಮ್ಮನ ರಕ್ತಪರೀಕ್ಷೆ’ ಎಂದು ತಿಳಿಯುವ ಹೆಸರಿಡಿ. ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ಹಳೆಯ ರಿಪೋರ್ಟ್ ಮರೆತರೂ ಡಾಕ್ಟರಿಗೆ ಫೋನಿನಲ್ಲೇ ತೋರಿಸಬಹುದು.

3. ಬೇಕಾದವರಿಗಷ್ಟೇ ಹಂಚಿ
ಕಾರ್ಕಳದ ಮನೆಯ ತೆರಿಗೆ ರಸೀದಿಯನ್ನು ದುಬೈಯಲ್ಲಿರುವ ಮಗಳು ನೋಡಬೇಕೇ? ‘ಶೇರ್’ ಒತ್ತಿ ಅವಳ ಇಮೇಲ್ ಸೇರಿಸಿ, ನೋಡುವ ಅನುಮತಿ ಮಾತ್ರ ಕೊಡಿ. ಲಿಂಕ್ ಸಿಕ್ಕವರೆಲ್ಲ ತೆರೆಯುವಂಥ ಆಯ್ಕೆ ಬೇಡ.

4. ಜಾಗ ನೋಡಿಕೊಳ್ಳಿ
ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ಅದು ತುಂಬಿದರೆ ಇಮೇಲ್ ಬರುವುದೂ ನಿಲ್ಲಬಹುದು. ಕಾಪು ಬೀಚಿನಲ್ಲಿ ತೆಗೆದ ಉದ್ದುದ್ದ ವಿಡಿಯೊಗಳೇ ಹೆಚ್ಚು ಜಾಗ ತಿನ್ನುವುದು.

ಇಲ್ಲೊಂದು ಎಚ್ಚರಿಕೆ. ಬ್ಯಾಕಪ್ ಆದ ಫೋಟೊವನ್ನು ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಕ್ಲೌಡ್‌ನಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ ಉಳಿಯುವುದು 60 ದಿನ ಮಾತ್ರ. ಫೋನಿನಲ್ಲಷ್ಟೇ ಜಾಗ ಖಾಲಿ ಮಾಡಲು ‘ಫ್ರೀ ಅಪ್ ಸ್ಪೇಸ್’ ಬಳಸಿ.

5. ಬೀಗ ಭದ್ರಪಡಿಸಿ
ಪಾಸ್‌ವರ್ಡ್ ಜೊತೆಗೆ ಓಟಿಪಿಯಂಥ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಪರಿಶೀಲನೆ ಆನ್ ಮಾಡಿ. ಓಟಿಪಿ ಯಾರಿಗೂ ಹೇಳಬೇಡಿ. ಸಿಮ್ ಬದಲಿಸುವ ಮೊದಲು ಖಾತೆಯಲ್ಲಿರುವ ಸಂಖ್ಯೆ ಬದಲಿಸಿ, ಇಲ್ಲವಾದರೆ ನಿಮ್ಮ ಖಾತೆಗೆ ನೀವೇ ಹೊರಗಿನವರಾದೀರಿ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು.

6. ಪರೀಕ್ಷಿಸಿ ನೋಡಿ
ಮನೆಯವರ ಫೋನಿನಲ್ಲಿ ನಿಮ್ಮ ಖಾತೆಗೆ ಲಾಗಿನ್ ಆಗಿ ಒಂದು ಕಡತ ತೆರೆಯಿರಿ, ಆಮೇಲೆ ಲಾಗೌಟ್ ಮಾಡಿ. ಸ್ಕ್ಯಾನ್ ಆಯಿತೆಂದು ಆಸ್ತಿಪತ್ರದ ಮೂಲ ಪ್ರತಿಯನ್ನು ಎಸೆಯಬೇಡಿ. ನೀರು ತಾಗದ ಚೀಲದಲ್ಲಿ ಹಾಕಿ ಎತ್ತರದ ಜಾಗದಲ್ಲಿಡಿ.